ಹದಿನೈದು ನೂರು ಡಾಲರಿನ ಬಾಡಿಗೆಯವಳು

ಕಡಲಂಚಿನ ಪುಟ್ಟ ಊರು ಗ್ಯಾನೆಟ್ ಕೋವ್‌ನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿರುವ ಬರ್ನಾ ವಿಫನ್‌ಗೆ ಊರಿನ ನೂರಾ ನಲವತ್ತು ಮನೆಗಳ ಗುಟ್ಟೂ ಗೊತ್ತು. ಯಾರಿಗೆ ಬ್ಯಾಂಕಿನಿಂದ ಕೆಂಪು ಅಕ್ಷರದ ಕಾಗದ ಬಂತು, ಯಾರ ಮಗ ಸೇಂಟ್ ಜಾನ್ಸ್ ಜೈಲಿನಿಂದ ಅಮ್ಮನಿಗೆ ಬರೆದ, ಯಾವ ವಿಧವೆ ಯಾವ ಅಂಗಡಿಯಿಂದ ಎಂಥ ಒಳಉಡುಪು ತರಿಸಿಕೊಂಡಳು, ಎಲ್ಲಾ ಲಕೋಟೆ ಕೈಗೆತ್ತಿಕೊಂಡರೇ ಅವಳಿಗೆ ತಿಳಿದುಬಿಡುತ್ತದೆ. ಬಾಯಿ ಮಾತ್ರ ಬಿಡುವವಳಲ್ಲ. ಸರ್ಕಾರಿ ಕೆಲಸದಲ್ಲಿ ಗುಟ್ಟು ಗುಟ್ಟಾಗಿಯೇ ಇರಬೇಕು ಅನ್ನುವುದು ಒಂದು ಕಾರಣ. ತನ್ನ ಗುಟ್ಟು ಊರಿಗೆಲ್ಲಾ ಗೊತ್ತಿದ್ದೂ ಊರು ಬಾಯಿ ಮುಚ್ಚಿಕೊಂಡಿದೆಯಲ್ಲ ಅನ್ನುವುದು ಇನ್ನೊಂದು.

ಆ ಗುಟ್ಟಿನ ಹೆಸರು ಅಲ್ಫೋನ್ಸಸ್ ಪಾಮ್‌ರಾಯ್, ಊರಿನ ಬಾಯಲ್ಲಿ ಫಾನ್ಸ್. ಏಡಿ ಹಿಡಿಯುವ ದೋಣಿಯವನು, ಆರಡಿ ಆಳು. ಕಡಲಿನ ಮೇಲೆ ಹುಲಿ, ಹೆತ್ತ ತಾಯಿಯ ಮುಂದೆ ಮಳೆಯಲ್ಲಿ ನೆನೆದ ಬೆಕ್ಕು. ಬರ್ನಾ ಅವನ ಮನೆಯಲ್ಲಿ ಹನ್ನೊಂದು ವರ್ಷ ಇದ್ದಳು. ಹೆಂಡತಿಯಾಗಿ ಅಲ್ಲ, ದೇವರಾಣೆಗೂ ಅಲ್ಲ. ಬಾಡಿಗೆಯವಳಾಗಿ.

ಮದುವೆಯಾಗುವ ಹಾಗಿರಲಿಲ್ಲ. ಬರ್ನಾಳನ್ನು ಇಪ್ಪತ್ತೆರಡರಲ್ಲೇ ಕಟ್ಟಿಕೊಂಡ ಸಿರಿಲ್ ವಿಫನ್ ಎಂಬ ಮಹಾಶಯ ಎಣ್ಣೆ ಗಣಿಯ ಕೆಲಸಕ್ಕೆಂದು ದೇಶದ ಆ ತುದಿಯ ಆಲ್ಬರ್ಟಾಕ್ಕೆ ಹೊರಟಾಗ “ಸೆಟಲ್ ಆದ್ಮೇಲೆ ಕರೆಸ್ಕೋತೀನಿ” ಅಂದಿದ್ದ. ಪುಣ್ಯಾತ್ಮ ಇನ್ನೂ ಸೆಟಲ್ ಆಗುತ್ತಲೇ ಇದ್ದಾನೆ. ಬಂದದ್ದು ಒಂದೇ ಒಂದು ಪೋಸ್ಟ್ ಕಾರ್ಡು, ಅದರ ಮೇಲೊಂದು ಕಾಡುಕೋಣದ ಚಿತ್ರ. ಕೋರ್ಟು ಬಿಡುಗಡೆ ಕೊಟ್ಟರೂ ಚರ್ಚಿನ ಪ್ರಕಾರ ಅವನೇ ಅವಳ ಗಂಡ, ಈಗಲೂ. ಆ ಮದುವೆ ಮದುವೆಯೇ ಅಲ್ಲವೆಂದು ರೋಮ್‌ನವರಿಂದ ಹೇಳಿಸಬಹುದು, ಅದಕ್ಕೊಂದು ಅರ್ಜಿ ಇದೆ ಎಂದು ಪಾದ್ರಿ ಹೇಳಿದರು. ಬರ್ನಾ ತರಿಸಿ ನೋಡಿದಳು. ಮೊದಲ ರಾತ್ರಿಯ ಬಗ್ಗೆಯೇ ಎರಡು ಪುಟ ಪ್ರಶ್ನೆಗಳಿದ್ದವು. ಜೀವಮಾನದಲ್ಲಿ ಹೆಣ್ಣಿನ ಕೈ ಹಿಡಿಯದ ಮುದುಕರಿಗೆ ಅದೆಲ್ಲಾ ಯಾಕೆ ಬೇಕು ಎಂದು ಬೈದುಕೊಂಡು ಅರ್ಜಿಯನ್ನು ಒಲೆಗೆ ಹಾಕಿದಳು.

ಫಾನ್ಸ್‌ನ ತಾಯಿ ಸ್ಟೇಷಿಯಾ ಅಜ್ಜಿ ಎದುರುಮನೆಯಲ್ಲೇ ಇದ್ದಳು. ದಿನಕ್ಕೆರಡು ಸಲ ಜಪಮಾಲೆ, ಮಿಕ್ಕ ಹೊತ್ತೆಲ್ಲಾ ಕಿಟಕಿ. ಬರ್ನಾ ಪೆಟ್ಟಿಗೆ ಹೊತ್ತುಕೊಂಡು ಬಂದ ದಿನವೇ ಅವಳು ಮಗನನ್ನು ಕರೆಸಿ ತೀರ್ಪು ಕೊಟ್ಟಳು. “ಉಂಗುರ ಇಲ್ದೆ ಯಾವ ಹೆಂಗ್ಸೂ ಪಾಮ್‌ರಾಯ್ ಮನೇಲಿ ಮಲಗೋ ಹಾಗಿಲ್ಲ. ಬಾಡಿಗೆಗಿರೋದಾದ್ರೆ ಅದು ಬೇರೆ ವಿಷ್ಯ. ಆದ್ರೆ ಬಾಡಿಗೆ ಕೊಡೋದು ನನ್ನ ಕಣ್ಣಿಗೆ ಕಾಣ್ಬೇಕು.”

ಕಾಣಿಸಿದರು. ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಫಾನ್ಸ್ ಮುಂದಿನ ಕೋಣೆಯ ಪರದೆ ಸರಿಸಿ ದೀಪ ಹಾಕುತ್ತಿದ್ದ. ಬರ್ನಾ ಕಿಟಕಿಯೆದುರು ನಿಂತು ಅರವತ್ತು ಡಾಲರು ಎಣಿಸಿ ಕೊಡುತ್ತಿದ್ದಳು. ಅವನು ಗಂಭೀರವಾಗಿ ರಸೀತಿ ಬರೆದು ಹರಿದು ಕೊಡುತ್ತಿದ್ದ. ಎದುರುಮನೆಯ ಪರದೆ ಬಿದ್ದ ಕೂಡಲೇ ಇವರ ಪರದೆಯೂ ಬೀಳುತ್ತಿತ್ತು. ಆ ಅರವತ್ತು ಡಾಲರು ಶನಿವಾರದ ಹೊತ್ತಿಗೆ ಉಪ್ಪು ಹಾಕಿದ ಮಾಂಸವಾಗಿ, ಒಂದು ಬಾಟಲಿ ರಮ್ಮಾಗಿ ಮನೆಗೆ ವಾಪಸಾಗುತ್ತಿತ್ತು. ಮಹಡಿಯ ಮೇಲೆ ‘ಬಾಡಿಗೆಯವರ ಕೋಣೆ’ಯೂ ಇತ್ತು. ಅದರ ಮಂಚದ ಮೇಲೆ ಹನ್ನೊಂದು ವರ್ಷವೂ ಮಲಗಿದ್ದು ಫಾನ್ಸ್‌ನ ದೋಣಿಯ ಹಗ್ಗದ ಸುರುಳಿಗಳು.

ಮೊದಮೊದಲು ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು. ಪರದೆ ಎಳೆದ ಮೇಲೆ ಫಾನ್ಸ್ “ಮೇಡಂ, ನಮ್ಮಲ್ಲಿ ಬಾಡಿಗೆಗಿರೋರಿಗೆ ಸೌಕರ್ಯ ಎಲ್ಲಾ ಸರಿಯಾಗಿದ್ಯಾ?” ಎಂದು ಕೇಳುತ್ತಿದ್ದ. ನಾಲ್ಕೈದು ವರ್ಷವಾದ ಮೇಲೆ ನಗು ನಿಂತಿತು, ರಸೀತಿ ನಿಲ್ಲಲಿಲ್ಲ. ಆಮೇಲೆ ಅಜ್ಜಿಯ ಸೊಂಟದ ಮೂಳೆ ಮುರಿದು, ಅವಳನ್ನೂ ಇವರ ಮನೆಗೇ ಹೊತ್ತು ತಂದರು. ಮೂರು ವರ್ಷ ಮಲಗಿದ್ದಳು. ತೊಳೆದದ್ದು, ಬಳಿದದ್ದು, ತಲೆ ಬಾಚಿದ್ದು ಎಲ್ಲಾ ಬರ್ನಾ. ಮಗನ ಕೈಯಿಂದ ಒಂದು ಗುಟುಕು ನೀರೂ ಕುಡಿಯದ ಮುದುಕಿ ಇವಳು ಚಮಚ ಹಿಡಿದರೆ ಮರಿಹಕ್ಕಿಯಂತೆ ಬಾಯಿ ತೆರೆಯುತ್ತಿದ್ದಳು. ಆದರೂ ಕರೆಯುತ್ತಿದ್ದದ್ದು “ಮಿಸೆಸ್ ವಿಫನ್” ಎಂದೇ. ಶುಕ್ರವಾರದ ಬಾಡಿಗೆ ಈಗ ಅವಳ ಮಂಚದೆದುರೇ ನಡೆಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಅಜ್ಜಿ ತೀರಿಕೊಂಡಳು. ಚರ್ಚಿನಲ್ಲಿ ಪಾದ್ರಿ ಶ್ರದ್ಧಾಂಜಲಿ ಓದಿದರು. ಅಗಲಿದವರನ್ನು ನೆನೆದು ದುಃಖಿಸುತ್ತಿರುವವರು: ಮಗ ಅಲ್ಫೋನ್ಸಸ್, ಬಾಸ್ಟನ್ನಿನಲ್ಲಿರುವ ತಂಗಿ, ಏಳು ಮಂದಿ ಸೋದರಳಿಯಂದಿರು, ಪ್ರೀತಿಯ ನಾಯಿ ಸ್ಕಿಪ್ಪರ್, ಹಾಗೂ ಮನೆಯಲ್ಲಿದ್ದ ಬಾಡಿಗೆಯವರು. ಬರ್ನಾ ಆರನೇ ಸಾಲಿನಲ್ಲಿ ಕೂತಿದ್ದಳು. ಇಡೀ ಚರ್ಚು ಅವಳ ಕಡೆ ತಿರುಗದೇ ಇರಲು ಪಟ್ಟ ಪಾಡು ಅಷ್ಟಿಷ್ಟಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಅವಳು ಹೇಳಿದಳು. “ನಾಯಿಗೆ ಹೆಸರಿದೆ ಫಾನ್ಸ್.”

“ಪಾದ್ರಿ ಓದೋದಲ್ವೇನೇ, ಮತ್ತೇನಂತ ಬರೀಲಿ?”

“ಬರ್ನಾ ಅಂತ. ಸ್ಕಿಪ್ಪರ್‌ಗಿಂತ ಚಿಕ್ಕದು.”

ಫಾನ್ಸ್ ತಟ್ಟೆ ನೋಡುತ್ತಾ ಕೂತ. ಅವಳು ತನ್ನ ತಟ್ಟೆ ಎತ್ತಿಕೊಂಡು ಎದ್ದಳು. ಸತ್ತ ಮೇಲೂ ಆ ಮುದುಕಿಗೆ ಹೆದರುವ ಗಂಡಸಿನ ಜೊತೆ ಇನ್ನೆಷ್ಟು ವರ್ಷ ಬಾಡಿಗೆ ಕಟ್ಟುವುದು? ಏಳೇ ವಾರದಲ್ಲಿ ಊರಿನ ತುದಿಯಲ್ಲಿದ್ದ ಗಸ್ ಬ್ಯಾರಿಯ ಹಳೇ ಮನೆಯನ್ನು ನಲವತ್ತಾರು ಸಾವಿರಕ್ಕೆ ಕೊಂಡಳು. ಮರದ ಗೋಡೆ ಗಟ್ಟಿಯಿತ್ತು, ಸೂರು ಪರವಾಗಿಲ್ಲ, ನೆಲಮಾಳಿಗೆಯಲ್ಲಿದ್ದ ಮನೆ ಬಿಸಿ ಮಾಡುವ ಯಂತ್ರ ಮಾತ್ರ ಗಸ್‌ಗಿಂತ ಮೊದಲೇ ಸತ್ತಿತ್ತು. ಇವನ ಮನೆಯಿಂದ ನೇರ ತನ್ನ ಮನೆಗೆ, ಕೈಗಾಡಿಯಲ್ಲಿ ಆರು ಸಲ ಓಡಾಡಿ ಸಾಮಾನು ಸಾಗಿಸಿದಳು. ಫಾನ್ಸ್ ಬಾಗಿಲಲ್ಲಿ ನಿಂತು “ಹೋಗ್ಲೇಬೇಕಾ?” ಎಂದ. “ಬಾಡಿಗೆಯವ್ಳು ತಾನೇ, ಖಾಲಿ ಮಾಡ್ತಿದೀನಿ,” ಎಂದು ಅವಳು ಗಾಡಿ ತಳ್ಳಿದಳು.

ಆ ಚಳಿಗಾಲವನ್ನು ಎರಡು ಕೋಟು ಹಾಕಿಕೊಂಡು, ಅಡುಗೆಮನೆಯ ಸೌದೆ ಒಲೆಯ ಪಕ್ಕ ಮಂಚ ಎಳೆದುಕೊಂಡು ಕಳೆದಳು. ಬೆಳಗ್ಗೆ ಎದ್ದರೆ ಹಾಸಿಗೆಯ ಬುಡದ ನೀರಿನ ಲೋಟದಲ್ಲಿ ಮಂಜುಗಡ್ಡೆ. ಇನ್ನೊಂದು ಚಳಿಗಾಲ ಹೀಗೇ ಕಳೆದರೆ ತನಗೂ ಪಾದ್ರಿ ಶ್ರದ್ಧಾಂಜಲಿ ಓದಬೇಕಾಗುತ್ತದೆ ಅನ್ನುವುದು ಖಾತ್ರಿಯಾಯಿತು. ಹೊಸ ಯಂತ್ರಕ್ಕೆ ದುಡ್ಡು ಬೇಕಿತ್ತು. ಮನೆಗೆ ಸುರಿದ ಮೇಲೆ ಅವಳ ಹತ್ತಿರ ಉಳಿದದ್ದು ಚಿಲ್ಲರೆ.

ಮಾರ್ಚ್‌ನಲ್ಲಿ ಚರ್ಚಿನ ಸಭಾಂಗಣದಲ್ಲಿ ಡಲ್ಸಿ ಬ್ರಫಿ ಊರವರ ತೆರಿಗೆ ಲೆಕ್ಕ ಬರೆದುಕೊಡುತ್ತಾಳೆ. ಬರ್ನಾಳ ಚಿಕ್ಕಪ್ಪನ ಮಗಳು, ಲೆಕ್ಕದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು.

“ಅಕ್ಕಾ, ಇದು ನಿನ್ನ ಮೊದಲ್ನೇ ಮನೆ ಅಲ್ವಾ?” ಎಂದಳು ಡಲ್ಸಿ ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ. “ಮೊದಲ ಸಲ ಮನೆ ತಗೊಂಡೋರಿಗೆ ಸರ್ಕಾರ ತೆರಿಗೇಲಿ ಹದಿನೈದು ನೂರು ಡಾಲರ್ ಬಿಡುತ್ತೆ.”

“ಸುಮ್ಸುಮ್ನೆ ಬಿಡುತ್ತಾ?”

“ಒಂದೇ ಷರತ್ತು. ಇದನ್ನ ತಗೊಳ್ಳೋ ಮುಂಚೆ, ಆ ವರ್ಷ, ಅದರ ಹಿಂದಿನ ನಾಲ್ಕು ವರ್ಷ, ನೀನು ನಿನ್ನ ಸ್ವಂತ ಮನೇಲಾಗ್ಲಿ, ಗಂಡನ ಮನೇಲಾಗ್ಲಿ, ಮದುವೆ ಇಲ್ದೆ ಕೂಡಿ ಬಾಳ್ತಿರೋ ಸಂಗಾತಿ ಮನೇಲಾಗ್ಲಿ ಇದ್ದಿರಬಾರ್ದು.” ಡಲ್ಸಿ ಈಗ ಕನ್ನಡಕದ ಮೇಲಿನಿಂದ ನೋಡಿದಳು. “ಏನಂತ ಬರೀಲಿ?”

“ಒಂಟಿ ಅಂತ ಬರಿ. ಪ್ರತಿ ವರ್ಷ ಅದೇ ತಾನೇ ಬರೀತಿರೋದು? ನಾನು ಬಾಡಿಗೆಗಿದ್ದೆ.”

“ಅಕ್ಕಾ, ಇಡೀ ಊರಿಗೆ ಗೊತ್ತು ಕಣೆ.”

“ಊರಿಗೆ ಗೊತ್ತು. ಹೇಳಿದ ಬಾಯಿ ಒಂದನ್ನ ತೋರ್ಸು ನೋಡೋಣ! ಐನೂರಕ್ಕೂ ಮೇಲೆ ರಸೀತಿ ಇದೆ ನನ್ ಹತ್ರ. ಪಾದ್ರಿ ಬಾಯಲ್ಲೇ ಬಂದಿದೆ, ಚರ್ಚಿನೊಳಗೆ, ಹೆಣದ ಮುಂದೆ. ಬಾಡಿಗೆಯವ್ಳು ಅಂತ ಅನ್ನಿಸ್ಕೊಂಡ ಮೇಲೆ ಅದರ ಲಾಭಾನೂ ನನಗೇ ಬರ್ಲಿ.”

ಡಲ್ಸಿ ಕಿಸಕ್ಕನೆ ನಕ್ಕು ಗುಂಡಿ ಒತ್ತಿದಳು. ಮೇ ತಿಂಗಳಲ್ಲಿ ದುಡ್ಡು ಬಂತು. ಜೂನಿನಲ್ಲಿ ಹೊಸ ಯಂತ್ರ ನೆಲಮಾಳಿಗೆಗೆ ಇಳಿಯಿತು. ಬಿಸಿಲಿದ್ದರೂ ಬರ್ನಾ ಒಂದು ಗಂಟೆ ಅದನ್ನು ಓಡಿಸಿ, ಅದರ ಗುರುಗುಟ್ಟುವ ಸದ್ದು ಕೇಳುತ್ತಾ ಮೆಟ್ಟಿಲ ಮೇಲೆ ಕೂತಿದ್ದಳು. ಹನ್ನೊಂದು ವರ್ಷದ ಅವಮಾನಕ್ಕೆ ಸರ್ಕಾರ ಕೊಟ್ಟ ಪರಿಹಾರ ಇದು ಅನ್ನಿಸಿ ಖುಷಿಯೂ ಆಯಿತು.

ಆಗಸ್ಟ್ ಎರಡನೇ ವಾರ, ಬೆಳಗಿನ ಚೀಲ ಬಿಚ್ಚಿ ಕಾಗದ ವಿಂಗಡಿಸುತ್ತಿದ್ದಾಗ ತೆರಿಗೆ ಕಚೇರಿಯ ಲಕೋಟೆ ಕೈಗೆ ಬಂತು. ಹೆಸರು ಅವಳದೇ. ಹಿಡಿದ ಕೂಡಲೇ ಕೆಟ್ಟ ಸುದ್ದಿ ಅಂತ ಗೊತ್ತಾಯಿತು. ‘ನಮ್ಮ ದಾಖಲೆಗಳ ಪ್ರಕಾರ ತಮಗೆ ಕೂಡಿ ಬಾಳುವ ಸಂಗಾತಿಯೊಬ್ಬರು ಹತ್ತು ವರ್ಷಗಳಿಂದ ಇದ್ದು, ತಾವು ಅವರ ಸ್ವಂತ ಮನೆಯಲ್ಲಿ ವಾಸವಾಗಿದ್ದಿರಿ. ಇದು ತಪ್ಪಾಗಿದ್ದಲ್ಲಿ ಮೂವತ್ತು ದಿನಗಳೊಳಗೆ ಪುರಾವೆ ಒದಗಿಸಬೇಕು. ಇಲ್ಲದಿದ್ದಲ್ಲಿ ಮೊತ್ತವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು.’

ಬರ್ನಾ ‘ಮುಚ್ಚಿದೆ’ ಫಲಕ ತಿರುಗಿಸಿ ಬಾಗಿಲು ಹಾಕಿಕೊಂಡಳು. ಯಾವ ಹಾಳಾದವರು ಚಾಡಿ ಹೇಳಿದರು? ಡಲ್ಸಿಯೇ? ಅವಳಾದರೆ ಮೊದಲು ಊರಿಗೆ ಹೇಳಿ ಆಮೇಲೆ ಸರ್ಕಾರಕ್ಕೆ ಹೇಳುವ ಪೈಕಿ. ಪಾದ್ರಿಯೇ? ಅವರಿಗೆ ಕಾಗದ ಬರೆಯುವಷ್ಟು ಉತ್ಸಾಹ ಇದ್ದಿದ್ದರೆ ಚರ್ಚಿನ ಸೂರು ಎಂದೋ ರಿಪೇರಿಯಾಗುತ್ತಿತ್ತು. ಯಾರಾದರೂ ಆಗಲಿ, ಪುರಾವೆ ತನ್ನ ಬಳಿ ಇದೆ. ರಸೀತಿಗಳ ಜೊತೆಗೆ ಮನೆ ಮಾಲೀಕನ ಒಂದು ಕಾಗದ ಸಿಕ್ಕರೆ ಬ್ರಹ್ಮನೂ ಅಲ್ಲಾಡಿಸುವಂತಿಲ್ಲ.

ಫಾನ್ಸ್ ದಡದ ಶೆಡ್ಡಿನ ಎದುರು ದೋಣಿಗೆ ಬಣ್ಣ ಹೊಡೆಯುತ್ತಿದ್ದ. ಒಂಬತ್ತು ತಿಂಗಳಲ್ಲಿ ಇಬ್ಬರೂ ಅಂಚೆ ಚೀಟಿಯ ವ್ಯವಹಾರ ಬಿಟ್ಟು ಬೇರೆ ಮಾತಾಡಿರಲಿಲ್ಲ. ಇವಳು ಬಿರುಸಾಗಿ ಬಂದದ್ದು ನೋಡಿ ಕುಂಚ ಡಬ್ಬಕ್ಕೆ ಹಾಕಿ ಎದ್ದು ನಿಂತ.

“ತಗೋ ಪೆನ್ನು, ತಗೋ ಹಾಳೆ,” ಎಂದಳು ಬರ್ನಾ. “ಬರಿ. ಬರ್ನಾ ವಿಫನ್ ಹನ್ನೊಂದು ವರ್ಷ ನಮ್ಮ ಮನೇಲಿ ಬಾಡಿಗೆಗಿದ್ಲು, ಬೇರೆ ಯಾವ ಸಂಬಂಧಾನೂ ಇರ್ಲಿಲ್ಲ ಅಂತ. ಕೆಳಗೆ ರುಜು ಹಾಕು.”

“ಏನಾಯ್ತೇ?”

“ಯಾವನೋ ಮನೆಹಾಳ ತೆರಿಗೆಯೋರಿಗೆ ನಮ್ಮ ವಿಷ್ಯ ಊದಿದಾನೆ. ಹದಿನೈದು ನೂರು ವಾಪಸ್ ಕೇಳ್ತಿದಾರೆ. ಅವನು ಯಾರು ಅಂತ ಗೊತ್ತಾಗ್ಲಿ, ನಿನ್ನ ದೋಣಿ ಹಿಂದೆ ಕಟ್ಟಿ ಎಳೆಸ್ತೀನಿ.”

ಫಾನ್ಸ್ ಕಾಗದವನ್ನು ನಿಧಾನವಾಗಿ ಓದಿದ. ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು, ಕುತ್ತಿಗೆ ಕೆಂಪಾಯಿತು.

“ನಾನೇ,” ಎಂದ.

“ಏನು ನೀನೇ?”

“ನಾನೇ ಬರೆದಿದ್ದು. ಫಾರಮ್‌ನಲ್ಲಿ ಕೇಳ್ತಾರಲ್ಲ, ಸಂಗಾತಿ ಇದಾರಾ, ಹೆಸರೇನು ಅಂತ. ಒಂದು ವರ್ಷ ಒಟ್ಟಿಗಿದ್ರೆ ಬರೀಲೇಬೇಕು ಅಂತ ಅದ್ರಲ್ಲೇ ಹಾಕಿದ್ರು. ಅದಕ್ಕೆ ಎರಡನೇ ವರ್ಷದಿಂದ ಬರೀತಾ ಬಂದೆ. ನಿನ್ನ ತೆರಿಗೆ ನಂಬರ್ ಅಡುಗೆಮನೆ ಡ್ರಾಯರಲ್ಲಿತ್ತು.”

ಡಲ್ಸಿಯ ಬಳಿಗೆ ಹೋಗು ಅಂದರೂ ಹೋಗದೆ ಪ್ರತಿ ಏಪ್ರಿಲಿನಲ್ಲೂ ಅವನು ಒಬ್ಬನೇ ಕೂತು ಫಾರಮು ತುಂಬುತ್ತಿದ್ದ. ಲಕೋಟೆಗೆ ಎರಡು ಸುತ್ತು ಟೇಪು ಸುತ್ತಿ ಅವಳ ಕಿಂಡಿಗೇ ತರುತ್ತಿದ್ದ. ಅವಳೇ ತೂಗಿ, ಚೀಟಿ ಅಂಟಿಸಿ, ಸೀಲು ಗುದ್ದಿ ಚೀಲಕ್ಕೆ ಎಸೆಯುತ್ತಿದ್ದಳು. ಹತ್ತು ಏಪ್ರಿಲ್!

“ಎಲಾ ಪಾಪಿ! ನನ್ನ ಕೈಯಲ್ಲೇ ಸೀಲು ಹೊಡೆಸಿದ್ಯಲ್ಲೋ!”

“ಒಂದಿನ ನೀನು ಒಡೆದು ನೋಡ್ತೀಯೇನೋ ಅಂದ್ಕೊಂಡಿದ್ದೆ.”

“ಬೇರೆಯೋರ ಕಾಗದ ನಾನು ಒಡೆಯಲ್ಲ!”

“ಗೊತ್ತು. ಅದಕ್ಕೇ ಧೈರ್ಯ ಇತ್ತು.”

ಅವಳು ಮಗುಚಿ ಹಾಕಿದ್ದ ಮೀನಿನ ಬುಟ್ಟಿಯೊಂದರ ಮೇಲೆ ಕುಸಿದಳು. “ಊರಿಗೆಲ್ಲಾ ಸುಳ್ಳು ಹೇಳ್ದೆ, ಪಾದ್ರಿಗೆ ಹೇಳ್ದೆ, ಹೆತ್ತ ತಾಯಿಗೆ ಹೇಳ್ದೆ. ತೆರಿಗೆಯೋರಿಗೆ ಮಾತ್ರ ಯಾಕೋ ನಿಜ ಹೇಳೋಕೆ ಹೋದೆ?”

“ಅವರಿಗೆ ಸುಳ್ಳು ಹೇಳಿದ್ರೆ ಜೈಲಿಗೆ ಹಾಕ್ತಾರೆ ಕಣೆ,” ಎಂದ ಫಾನ್ಸ್. ಇವಳ ಮುಖ ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. “ಅದಷ್ಟೇ ಅಲ್ಲ. ಒಂದು ಕಡೆಯಾದ್ರೂ ಬರೆದಿರ್ಲಿ ಅನ್ನಿಸ್ತು. ಅಮ್ಮನ ಕಣ್ಣಿಗೆ ಬೀಳದೇ ಇರೋ ಜಾಗ ಅದೊಂದೇ ಇತ್ತು.”

ಬರ್ನಾಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಎಂಥ ಹೇಡಿಯನ್ನು ಪ್ರೀತಿಸಿಬಿಟ್ಟೆನಪ್ಪಾ ದೇವರೇ ಎಂದು ಮನಸ್ಸಿನಲ್ಲೇ ಶಪಿಸಿಕೊಂಡಳು.

ಫಾನ್ಸ್ ಕೈಚಾಚಿದ. “ಕೊಡು ಪೆನ್ನು. ನಾನು ತಪ್ಪು ಬರೆದಿದ್ದೆ, ನನಗೆ ಫಾರಮ್ ತುಂಬೋಕೆ ಬರಲ್ಲ, ಅವಳು ಬರೀ ಬಾಡಿಗೆಯವ್ಳು ಅಂತ ಬರ್ದು ಕೊಡ್ತೀನಿ. ದಂಡ ಹಾಕಿದ್ರೆ ನನಗೆ ಹಾಕ್ಲಿ. ನಿನ್ನ ದುಡ್ಡು ಉಳೀಲಿ.”

ಬರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ರಸೀತಿಗಳು ಪಕ್ಕಾ ಇದ್ದವು, ಒಂದು ಶುಕ್ರವಾರವೂ ತಪ್ಪಿರಲಿಲ್ಲ. ಯಂತ್ರ ಆಗಲೇ ನೆಲಮಾಳಿಗೆಯಲ್ಲಿತ್ತು, ಅದರ ದುಡ್ಡು ಖರ್ಚಾಗಿತ್ತು, ವಾಪಸು ಕೊಡಬೇಕೆಂದರೆ ಸಾಲ ಮಾಡಬೇಕು. ಅವನು ಹಾಳೆಯನ್ನು ತೊಡೆಯ ಮೇಲಿಟ್ಟು ‘ಬರ್ನಾ ವಿಫನ್’ ಎಂದು ಬರೆದೂ ಆಗಿತ್ತು. ಬರ್ನಾ ಆ ಹಾಳೆ ಕಿತ್ತುಕೊಂಡಳು.

“ಬಿಡೋ! ಜನ್ಮದಲ್ಲಿ ಒಂದೇ ಒಂದು ಸಲ ನಿಜ ಬರೆದಿದೀಯ. ಅದನ್ನೂ ಅಳಿಸಿ ಹಾಕ್ತೀಯಾ? ನಡಿ ಮನೆಗೆ.”

“ಯಾರ ಮನೆಗೆ?”

“ನನ್ನ ಮನೆಗೆ. ಫೋನ್ ಮಾಡೋದಿದೆ.”

ದಡದಿಂದ ಬರ್ನಾಳ ಮನೆಗೆ ಇಡೀ ಊರು ದಾಟಬೇಕು. ಹಾಡಹಗಲು, ನಡುರಸ್ತೆಯಲ್ಲಿ, ಅಕ್ಕಪಕ್ಕ ನಡೆದುಕೊಂಡು ಹೋದರು. ಹನ್ನೊಂದು ವರ್ಷದಲ್ಲಿ ಹಾಗೆ ನಡೆದಿರಲಿಲ್ಲ. ಚರ್ಚಿಗೆ ಹೋದರೂ ಅವನು ಹತ್ತು ಹೆಜ್ಜೆ ಮುಂದೆ, ಇವಳು ಹಿಂದೆ. ಕಿಟಕಿಯ ಪರದೆಗಳು ಸಾಲಾಗಿ ಅಲ್ಲಾಡಿದವು. ಫಾನ್ಸ್‌ನ ಕೈಯಲ್ಲಿ ಇನ್ನೂ ಹಸಿರು ಬಣ್ಣವಿತ್ತು. ತಲೆ ತಗ್ಗಿಸಿಯೇ ನಡೆದ, ಆದರೆ ಹಿಂದೆ ಉಳಿಯಲಿಲ್ಲ.

ತೆರಿಗೆ ಕಚೇರಿಯವರು ಫೋನಿನಲ್ಲಿ ಐವತ್ತು ನಿಮಿಷ ಕಾಯಿಸಿ ಪಿಟೀಲು ಕೇಳಿಸಿದರು. ಬರ್ನಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಡಬ್ಬಿ ಹಾಲು ಹಾಕಿ ಚಹಾ ಮಾಡಿದಳು. ಫಾನ್ಸ್ ಈ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತು ಗೋಡೆ, ಸೂರು, ಕಿಟಕಿ ಎಲ್ಲವನ್ನೂ ಕಳ್ಳನೋಟದಲ್ಲಿ ನೋಡಿದ. “ಮನೆ ಚೆನ್ನಾಗಿದೆ,” ಎಂದ. “ಗೊತ್ತು,” ಎಂದಳು.

ಕೊನೆಗೂ ದೂರದ ಯಾವುದೋ ಊರಿನಿಂದ ಹೆಂಗಸಿನ ದನಿ ಬಂತು. ಬರ್ನಾ ತನ್ನ ಹೆಸರು, ನಂಬರು, ಕಾಗದದ ತಾರೀಖು ಹೇಳಿದಳು.

“ಪುರಾವೆ ಕಳಿಸ್ತೀರಾ ಮೇಡಂ?”

“ಇಲ್ಲಮ್ಮಾ. ನೀವು ಬರೆದಿದ್ದೇ ಸರಿ. ನಾನು ಅವನ ಜೊತೆ ಬಾಳ್ವೆ ಮಾಡ್ತಿದ್ದೆ.” ಫಾನ್ಸ್ ಚಹಾದ ಲೋಟ ಕೆಳಗಿಟ್ಟ. “ನಿಮ್ಮ ದುಡ್ಡು ನಿಮಗೆ ವಾಪಸ್ ಕೊಡ್ತೀನಿ, ಕಂತು ಮಾಡಿಕೊಡಿ.”

ಅತ್ತ ಕಡೆ ಗುಂಡಿಗಳು ಟಕಟಕ ಎಂದವು. “ಹಿಂದಿನ ವರ್ಷಗಳಲ್ಲಿ ನೀವು ಒಂಟಿ ಅಂತ ಬರೆದಿದೀರಿ. ಅದನ್ನೂ ತಿದ್ದಬೇಕಾಗುತ್ತೆ. ಇನ್ನೂ ಸ್ವಲ್ಪ ಕಟ್ಟೋದು ಬರಬಹುದು.”

“ತಿದ್ದಿ. ಎಲ್ಲಾ ವರ್ಷದ್ದೂ ತಿದ್ದಿ. ಒಂದೂ ಬಿಡಬೇಡಿ.”

“ಈಗ ನೀವು ಒಟ್ಟಿಗಿದೀರಾ, ಬೇರೆಯಾಗಿದೀರಾ?”

ಬರ್ನಾ ಮೇಜಿನಾಚೆ ನೋಡಿದಳು. ಆ ಆರಡಿ ಆಳು ಮುಂದಕ್ಕೆ ಬಾಗಿ ಫೋನನ್ನೇ ನೋಡುತ್ತಿದ್ದ.

“ಬೇರೆಯಾಗಿದೀವಿ,” ಎಂದಳು. ಅವನ ಭುಜ ಇಳಿಯಿತು. ಅವಳಿಗೂ ನೋವಾಯಿತು, ಆದರೆ ಆ ನೋವಿನಲ್ಲಿ ಒಂದು ಹೆಮ್ಮೆ ಇತ್ತು. ಬಾಡಿಗೆಯವಳು ಮನೆ ಖಾಲಿ ಮಾಡುತ್ತಾಳೆ ಅಷ್ಟೇ. ಬೇರೆಯಾಗಬೇಕಾದರೆ ಕೂಡಿ ಬಾಳಿರಬೇಕು.

“ಯಾವತ್ತಿಂದ ಅಂತ ಬರ್ಕೊಳ್ಳಲಿ?”

“ಸೆಪ್ಟೆಂಬರ್ ಹತ್ತೊಂಬತ್ತು. ಮನೆ ಬಿಟ್ಟಿದ್ದು ಆಮೇಲೆ, ಮನಸ್ಸು ಬಿಟ್ಟಿದ್ದು ಅವತ್ತೇ. ಅವತ್ತು ನಮ್ಮತ್ತೇನ ಮಣ್ಣು ಮಾಡಿದ್ವಿ.”

ಫಾನ್ಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹಣೆಯ ಮೇಲೆಲ್ಲಾ ಹಸಿರು ಬಣ್ಣ ಮೆತ್ತಿತು.

“ಮೇಡಂ, ತಾರೀಖು ಬರ್ಕೊಂಡೆ,” ಎಂದಿತು ದನಿ. “ಅತ್ತೆ ವಿಷಯ ಬರೆಯೋಕೆ ಇಲ್ಲಿ ಜಾಗ ಇಲ್ಲ.”

“ಬರೀಬೇಡಿ ಬಿಡಮ್ಮಾ,” ಎಂದಳು ಬರ್ನಾ. “ಕೇಳಿಸ್ಕೊಂಡ್ರಲ್ಲ, ಸಾಕು.”